ಅತ್ತೆ ಕಾಯ್ದ ಹಡಗುಗಳು

ನಮ್ಮ ಅತ್ತೆಯವರ ಎಡಗಿವಿಯ ಮೇಲಂಚು ಚಪ್ಪಟೆಯಾಗಿತ್ತು. ಹುಟ್ಟಿನಿಂದ ಬಂದದ್ದಲ್ಲ, ಟೆಲಿಫೋನ್ ಎಕ್ಸ್‌ಚೇಂಜಿನ ಕೆಲಸದಿಂದ ಬಂದದ್ದು. ಹರೆಯದಲ್ಲಿ ತಲೆಗೇರಿಸಿದ ಹೆಡ್‌ಫೋನನ್ನು ಅವರು ಇಳಿಸಿದ್ದು ನಿವೃತ್ತಿಯ ದಿನವೇ. ಅದರ ಒತ್ತಿಗೆ ಕಿವಿಯ ಅಂಚು ಒಳಕ್ಕೆ ಮಡಿಚಿಕೊಂಡು, ಅಲ್ಲಿಯ ಚರ್ಮ ತಿಕ್ಕಿದ ತಾಮ್ರದ ಹಾಗೆ ಹೊಳೆಯುತ್ತಿತ್ತು. ಮದುವೆಯಾಗಿ ಬಂದ ಹೊಸತರಲ್ಲಿ ನಾನು ಅದನ್ನೇ ನೋಡುತ್ತ ಕೂತಿದ್ದೆ. "ಏನ್ ನೋಡಾಕತ್ತಿ? ಇದು ನನ್ನ ಪೆನ್ಷನ್," ಎಂದರು.

ಅವರ ಹಿರಿಯರು ಕಲಬುರ್ಗಿ ಕಡೆಯವರು. ನಿಜಾಮರ ಕಾಲದಲ್ಲಿ ಸರಕಾರಿ ನೌಕರಿ ಹಿಡಿದು ಹೈದರಾಬಾದಿಗೆ ಬಂದು ಇಲ್ಲಿಯವರೇ ಆದರು. ಸಿಕಂದರಾಬಾದಿನ ನಮ್ಮ ಮನೆಯಲ್ಲಿ ಕನ್ನಡ, ಬಾಗಿಲಾಚೆ ತೆಲುಗು, ಸುಲ್ತಾನ್ ಬಜಾರಿನಲ್ಲಿ ಸೀರೆ ಚೌಕಾಸಿಗೆ ಹಿಂದಿ. ಮೂರರಲ್ಲೂ ಅತ್ತೆಯ ಮಾತು ಚುಟುಕು. "ಮೊದಲ ಕೇಳು, ಆಮ್ಯಾಲ ಮಾತಾಡು" ಎಂದು ಮನೆಯವರಿಗೆಲ್ಲ ಹೇಳುತ್ತಿದ್ದರು. ಮಾತು ಕಡಿಮೆ, ಆದ್ದರಿಂದ ಪಾಪದವರು ಎಂದು ನಾನು ತಿಳಿದಿದ್ದೆ. ಮೊದಲ ವಾರದಲ್ಲೇ ಆ ಭ್ರಮೆ ಬಿಟ್ಟಿತು. ಉಪ್ಪು ಹೆಚ್ಚಾದ ನನ್ನ ಸಾರನ್ನು ಪೂರ್ತಿ ಉಂಡು, ಕೈ ತೊಳೆದು, "ಇಲ್ಲಿಂದ ಸಮುದ್ರ ಎಷ್ಟು ದೂರ ಐತಿ?" ಎಂದು ಕೇಳಿದ ಹೆಂಗಸು ಅವರು.

ಹೈದರಾಬಾದಿನ ಮಾದಾಪುರದಲ್ಲಿ ಗಾಜಿನ ಕಟ್ಟಡಗಳು ಒಂದರ ಹಿಂದೊಂದು ಏಳುತ್ತಿದ್ದ ಕಾಲ ಅದು. ನನ್ನ ಗಂಡನಿಗೂ ಅಲ್ಲೊಂದು ಕಂಪನಿಯಲ್ಲಿ ನೌಕರಿ ಸಿಕ್ಕಿತು, ಮನೆಗೆ ಕಂಪ್ಯೂಟರ್ ಬಂತು. ಗೆಳೆಯನೊಬ್ಬ ಕೊಟ್ಟ ಸಿ.ಡಿ.ಯಿಂದ ಅವರು ಒಂದು ಆಟ ಹಾಕಿಕೊಂಡರು, ಈಗಿನ ಕಾಲದ ನೌಕಾಯುದ್ಧದ ಆಟ. ಬೆಂಕಿ, ಹೊಗೆ, ಢಂ ಢಂ ಸದ್ದು ಇರುತ್ತದೆಂದು ಕೂತವರಿಗೆ ಅಲ್ಲಿ ಸಿಕ್ಕಿದ್ದು ಒಂದು ನೀಲಿ ನಕ್ಷೆ, ಅದರ ಮೇಲೆ ಚುಕ್ಕಿಗಳು, ಗೆರೆಗಳು. ನಿಜವಾದ ಹಡಗು ಹೇಗೆ ನಿಧಾನವಾಗಿ ಸಮುದ್ರ ದಾಟುತ್ತದೋ ಆ ಚುಕ್ಕಿಗಳೂ ಹಾಗೇ ತೆವಳುತ್ತಿದ್ದವು. ಎರಡು ಭಾನುವಾರಕ್ಕೆ ಅವರಿಗೆ ಸಾಕಾಯಿತು. ಹಿಂದೆ ಕೂತು ಮೆಂತ್ಯ ಸೊಪ್ಪು ಸೋಸುತ್ತಿದ್ದ ಅತ್ತೆ ಮೊರದ ಸಮೇತ ಎದ್ದು ಬಂದು ಆ ಖಾಲಿ ಕುರ್ಚಿಯಲ್ಲಿ ಕೂತರು. "ಇದು ನಮ್ಮ ಎಕ್ಸ್‌ಚೇಂಜಿನ ಬೋರ್ಡ್ ಇದ್ದಂಗ ಐತಲ್ಲೋ," ಎಂದರು. ಆ ಕುರ್ಚಿ ಆಮೇಲೆ ಬೇರೆ ಯಾರಿಗೂ ಸಿಗಲಿಲ್ಲ.

ಅವರು ನನಗೆ ಆ ಆಟ ತಿಳಿಸಿಕೊಟ್ಟದ್ದು ಅಡುಗೆಮನೆಯಲ್ಲಿ. ಗುಂಡು ಹೊಡೆಯುವುದು ಅದರಲ್ಲಿ ಕಡೆಯ ಮಾತು; ಶತ್ರು ನಿಮ್ಮನ್ನು ಪತ್ತೆಹಚ್ಚುವ ಮೊದಲು ನೀವು ಅವನನ್ನು ಪತ್ತೆಹಚ್ಚಬೇಕು. "ರೇಡಾರ್ ಹಚ್ಚಿದ್ರ ನಾವು ಅವರನ್ನ ನೋಡ್ತೀವಿ, ಖರೆ. ಆದ್ರ ಅದಕ್ಕಿಂತ ದೂರದಿಂದ ಅವರು ನಮ್ಮನ್ನ ಕೇಳ್ತಾರ. ಲೈನಿನ್ಯಾಗ ಮೊದಲ ಬಾಯಿ ಬಿಟ್ಟೋರು ಕೆಟ್ಟರು." ಹಾಗಾಗಿ ಅತ್ತೆಯ ಹಡಗುಗಳೆಲ್ಲ ರೇಡಾರ್ ಆರಿಸಿಕೊಂಡು, ತುಟಿ ಪಿಟಕ್ಕೆನ್ನದೆ, ಸುತ್ತಲ ಸದ್ದಿಗೆ ಕಿವಿಗೊಟ್ಟು ಸಾಗುತ್ತಿದ್ದವು.

ದಾಳಿ ಮಾಡುವ ಪಕ್ಷವನ್ನು ಅವರು ಎಂದೂ ತೆಗೆದುಕೊಳ್ಳಲಿಲ್ಲ. ಎಣ್ಣೆ ಹಡಗುಗಳನ್ನು ಕಾವಲು ಕಾಯ್ದು ಬಂದರು ಮುಟ್ಟಿಸುವ ಪಕ್ಷವೇ ಆಗಬೇಕು. ಆಟದಲ್ಲಿ ಹಡಗಿಗೆ ನಮಗೆ ಬೇಕಾದ ಹೆಸರಿಡಬಹುದಾಗಿತ್ತು. ಅತ್ತೆ ನೆಂಟರ ಹೆಸರಿಟ್ಟರು: ಮಾಮಾ, ಕಾಕು, ದೊಡ್ಡವ್ವ. ಎಲ್ಲಕ್ಕಿಂತ ನಿಧಾನದ ಹಡಗಿಗೆ 'ವೈನಿ' ಎಂದಿಟ್ಟರು. ಅವರ ಅಣ್ಣನ ಹೆಂಡತಿ, ಅಂದರೆ ಆ ನಿಜವಾದ ವೈನಿ, ಜೀವನದಲ್ಲಿ ಒಂದು ರೈಲನ್ನೂ ವೇಳೆಗೆ ಸರಿಯಾಗಿ ಹಿಡಿದವರಲ್ಲ. "ಹೆಸರಿದ್ರ ಬಿಟ್ಟು ಹೋಗಾಕ ಮನಸ್ಸು ಬರಂಗಿಲ್ಲ ನೋಡು," ಎನ್ನುತ್ತಿದ್ದರು. ಉಳಿದ ಹಡಗುಗಳು ವೈನಿಯ ನಡಿಗೆಗೆ ತಮ್ಮ ನಡಿಗೆ ಹೊಂದಿಸಿಕೊಳ್ಳಬೇಕಿತ್ತು.

ಒಂದು ಭಾನುವಾರ ನಕ್ಷೆಯ ಅಂಚಿನಲ್ಲಿ ಗುರುತಿಲ್ಲದ ಚುಕ್ಕಿಗಳು ಗುಂಪಾಗಿ ಕಾಣಿಸಿದವು. ನನ್ನ ಗಂಡ ಹಿಂದೆ ನಿಂತು ಚಡಪಡಿಸಿದರು. "ಹೊಡಿ ಅವ್ವಾ, ನೀ ಹೊಡಿಲಿಲ್ಲ ಅಂದ್ರ ಅವರು ಹೊಡೀತಾರ." ಅತ್ತೆ ತಿರುಗಿಯೂ ನೋಡದೆ ಅವರೆಕಾಯಿ ಸುಲಿಯುತ್ತ ಕಾದರು. ಹತ್ತಿರ ಬಂದಾಗ ಅವು ಮೀನುಗಾರರ ದೋಣಿಗಳು. "ರಾಂಗ್ ನಂಬರ್ ಹಚ್ಚಿ ಬೈಸಿಕೊಂಡೋರು ನಾವು. ನಮಗ ಅವಸರ ಕಲಸಬ್ಯಾಡಪ್ಪ," ಎಂದು ಮಗನ ಕೈಗೆ ಸಿಪ್ಪೆಯ ತಟ್ಟೆ ಕೊಟ್ಟರು.

ಬೇರೆ ಮನೆಯ ಸೊಸೆಯಂದಿರು ತಮ್ಮ ಅತ್ತೆಯ ಹೋಳಿಗೆ ಹೊಗಳುತ್ತಿದ್ದರು, ಉಪ್ಪಿನಕಾಯಿ ಹೊಗಳುತ್ತಿದ್ದರು. ನಮ್ಮತ್ತೆ ಜಲಾಂತರ್ಗಾಮಿ ಹಿಡಿಯುತ್ತಿದ್ದರು. ನಾನು ಯಾಕೆ ಸುಮ್ಮನಿರಲಿ? ಅರಿಶಿನ ಕುಂಕುಮಕ್ಕೆ ಬಂದವರನ್ನೆಲ್ಲ ಕರೆದೊಯ್ದು ತೋರಿಸುತ್ತಿದ್ದೆ. ಪಕ್ಕದ ಮನೆಯಾಕೆ ಗಲ್ಲಕ್ಕೆ ಕೈ ಹಚ್ಚಿ, "ಏನ್ ಮಾಡಾಕತ್ತೀರಿ ಇದು?" ಎಂದರೆ, ಅತ್ತೆ "ಹಡಗ ಕಾಯಾಕತ್ತೀನ್ರಿ" ಎಂದು ಮತ್ತೆ ನಕ್ಷೆಗೆ ಕಣ್ಣು ಹಾಕುತ್ತಿದ್ದರು.

ಮನೆಗೆ ಇಂಟರ್ನೆಟ್ ಬಂದ ಮೇಲೆ ಅವರಿಗೆ ನಾರ್ವೆಯಲ್ಲೊಬ್ಬ ಎದುರಾಳಿ ಸಿಕ್ಕ. ಒಬ್ಬರು ತಮ್ಮ ಸರದಿ ಆಡಿ ಫೈಲನ್ನು ಮೇಲ್ ಮಾಡುವುದು, ಇನ್ನೊಬ್ಬರು ಅದನ್ನು ತೆರೆದು ತಮ್ಮ ಸರದಿ ಆಡಿ ಹಿಂದಕ್ಕೆ ಕಳಿಸುವುದು. ಒಂದು ಆಟ ತಿಂಗಳುಗಟ್ಟಲೆ ನಡೆಯುತ್ತಿತ್ತು. ಆತ ಅತ್ತೆಯನ್ನು ಗಂಡಸೆಂದು ತಿಳಿದು 'ಸರ್' ಎಂದು ಬರೆಯುತ್ತಿದ್ದ. ಇವರು ತಿದ್ದಲಿಲ್ಲ. ಮನೆಯಲ್ಲಿ ಅವನಿಗೆ ಬೀಗರು ಎಂದು ಹೆಸರಿಟ್ಟಿದ್ದರು. ಪೂಜೆ ಮುಗಿಸಿ ಬಂದೊಡನೆ, "ಬೀಗರದು ಏನರ ಬಂತೇನವಾ?" ಎಂದು ಕೇಳುವುದು. ಆತ ಗಟ್ಟಿಗ. ಮೊದಲ ಆಟ ಅವನು ಗೆದ್ದ, ಎರಡನೆಯದನ್ನೂ ಗೆದ್ದ. ಅತ್ತೆ ಎರಡು ದಿನ ನಮ್ಮೊಡನೆ ಸರಿಯಾಗಿ ಮಾತಾಡಲಿಲ್ಲ. ಆಮೇಲೆ ಮೂರನೆಯ ಆಟಕ್ಕೆ ಕೂತರು.

ಆ ಮೂರನೆಯ ಆಟದಲ್ಲಿ ಅತ್ತೆ ನಾಲ್ಕು ಎಣ್ಣೆ ಹಡಗುಗಳನ್ನು ಕೊಲ್ಲಿ ದೇಶಗಳಿಂದ ಮುಂಬಯಿಗೆ ತರಬೇಕಿತ್ತು. ಕಾವಲಿಗೆ ಎರಡೇ ಯುದ್ಧನೌಕೆ. ಬೀಗರ ಹತ್ತಿರ ಒಂದು ಜಲಾಂತರ್ಗಾಮಿ, ಜೊತೆಗೆ ಕ್ಷಿಪಣಿ ಹೊತ್ತ ವಿಮಾನಗಳು. ಅರ್ಧ ದಾರಿ ಬಂದಿರುವಾಗ ಅತ್ತೆಗೆ ಉಸಿರು ಸಾಲದಾಯಿತು. ಹೃದಯ ಸೋತಿದೆ, ಶ್ವಾಸಕೋಶದಲ್ಲಿ ನೀರು ತುಂಬುತ್ತಿದೆ ಎಂದು ಡಾಕ್ಟರು ಆಸ್ಪತ್ರೆಗೆ ಸೇರಿಸಿಕೊಂಡರು. ಹೆಚ್ಚು ದಿನ ಇಲ್ಲವೆಂದು ನಮಗೆ ಹೇಳಿದರು. ನಮ್ಮ ಮುಖ ನೋಡಿ ಅತ್ತೆಗೂ ತಿಳಿಯಿತು.

ಅವರು ನನ್ನನ್ನು ಹತ್ತಿರ ಕರೆದರು. "ಆಟ ನಿಲ್ಲಸಬ್ಯಾಡ. ನಾ ಫೋನಿನ್ಯಾಗ ಹೇಳ್ತೀನಿ, ನೀ ಮನ್ಯಾಗ ಕೂತು ಒತ್ತು." ಸ್ವಲ್ಪ ದಮ್ಮು ತೆಗೆದುಕೊಂಡು ಮತ್ತೆ ಹೇಳಿದರು. "ಬೀಗರಿಗೆ ನನ್ನ ಜಡ್ಡಿನ ಸುದ್ದಿ ತಿಳೀಬಾರದು. ತಿಳಿದ್ರ ಹಗುರ ಆಡ್ತಾರ. ಹಗುರ ಆಡಿದೋರ ಮ್ಯಾಲ ಗೆದ್ದು ನಾ ಏನ್ ಮಾಡ್ಲಿ?"

ಹೀಗೆ ನಾನು ಅವರ ಕೈಯಾದೆ. ಆಸ್ಪತ್ರೆಯಲ್ಲಿ ನಾದಿನಿ ಇರುತ್ತಿದ್ದಳು. ಶಾಲೆಯಲ್ಲಿ ಟೀಚರಾಗಿದ್ದ ನಾನು ಪಾಠ ಮುಗಿಸಿ ಬಂದು ಕಂಪ್ಯೂಟರಿನ ಮುಂದೆ ಕೂತು ಫೋನ್ ಹಚ್ಚುತ್ತಿದ್ದೆ. ನಕ್ಷೆ ಅವರ ತಲೆಯಲ್ಲೇ ಇತ್ತು. "ದಂಡಿ ಹಿಡಿದು ನಡಿ. ಮೀನಿನ ದೋಣಿ ಎಲ್ಲಿ ಭಾಳ ಅದಾವ, ಅವುಗಳ ನಡುವ ಹೋಗು. ವೈನಿ ಹಿಂದ ಬಿದ್ದಾಳೇನು ನೋಡು." ಒಂದು ದಿನ ಅವರು ಗಾಬರಿಯಾಗಿ, "ವೈನಿ ಮುಳುಗಿದ್ಲೇನು?" ಎಂದು ಕೇಳಿದ್ದನ್ನು ಕೇಳಿಸಿಕೊಂಡ ನರ್ಸ್ ಓಡಿ ಬಂದು, "ಎವರು ಮುನಿಗಿಪೋಯಾರಮ್ಮಾ?" ಎಂದು ಮುಳುಗಿದವರು ಯಾರೆಂದು ತೆಲುಗಿನಲ್ಲಿ ಕೇಳಿದಳಂತೆ. "ಮಾ ವದಿನ," ನಮ್ಮ ವೈನಿ, ಎಂದರಂತೆ ಅತ್ತೆ. ನಾದಿನಿ ಬಿಡಿಸಿ ಹೇಳುವಷ್ಟರಲ್ಲಿ ಆ ಹುಡುಗಿಯ ಕಣ್ಣಲ್ಲಿ ನೀರು ಬಂದಿತ್ತು.

ಮುಂಬಯಿ ಹತ್ತಿರವಾದಾಗ ಒಂದು ಸಂಜೆ ಅವರ ದನಿ ತೀರ ಕುಗ್ಗಿತ್ತು. "ಮುಂದಿನ ಕಾವಲಿನ ಹಡಗನ್ನ ದಕ್ಷಿಣಕ್ಕ ಓಡಸು. ನಡುಸಮುದ್ರಕ್ಕ. ಜೋರಲೇ. ರೇಡಾರ್ ಹಚ್ಚು." ನಾನು ತಪ್ಪಾಗಿ ಕೇಳಿಸಿಕೊಂಡೆನೆಂದು ಮತ್ತೆ ಕೇಳಿದೆ. "ಹಚ್ಚು. ಇವತ್ತ ಕಳಸು" ಎಂದರು. ಆಮೇಲೆ ನಾದಿನಿಯ ದನಿ ಬಂತು: ಉಸಿರಾಟ ಬಿಗಿದಿದೆ, ಐ.ಸಿ.ಯು.ಗೆ ಒಯ್ಯುತ್ತಿದ್ದಾರೆ. ಒಳಗೆ ಫೋನಿಲ್ಲ. ಇನ್ನು ಕೇಳಲು ದಾರಿಯಿರಲಿಲ್ಲ.

ನನ್ನ ಗಂಡ ತಲೆ ಹಿಡಿದುಕೊಂಡು ಕೂತರು. "ಇಷ್ಟು ವರ್ಷದಾಗ ಅವ್ವ ಒಮ್ಮೆರ ರೇಡಾರ್ ಹಚ್ಚ್ಯಾಳೇನು? ಔಷಧದ ಗುಂಗಿನ್ಯಾಗ ಹೇಳ್ಯಾಳ. ಇದನ್ನ ಕಳಿಸಿದ್ರ ಆ ಹಡಗ ಹೋತು, ಆಟಾನೂ ಹೋತು." ಅಷ್ಟು ಹೇಳಿ ಅವರು ಮೇಲ್ ತೆರೆದು ಬರೆಯತೊಡಗಿದರು. ನಿಮ್ಮೊಡನೆ ಆಡುತ್ತಿರುವವರು ನನ್ನ ತಾಯಿ, ಅವರ ಕೊನೆಯ ದಿನಗಳಿವು, ದಯವಿಟ್ಟು ಅವರು ಗೆಲ್ಲುವಂತೆ ಆಡಿ ಎಂದು.

"ಅಳಸ್ರಿ ಅದನ್ನ," ಎಂದೆ.

"ಅಕಿ ಗೆದ್ದು ಹೋಗ್ಲಿ ಅಂತೀನಿ, ಅಷ್ಟ. ಮಗ ಆಗಿ ಇಷ್ಟೂ ಮಾಡಬಾರದೇನು?" ಎಂದವರು ಮುಖ ಮುಚ್ಚಿಕೊಂಡು ಅತ್ತರು. ನನಗೂ ಅಳು ಬಂತು, ಸಿಟ್ಟೂ ಬಂತು. ನಾನು ಅಂದೆ: "ಮೂವತ್ತು ವರ್ಷ ದುಡಿದಾಕಿ, ಒಬ್ಬರ ಮುಂದ ಕೈ ಚಾಚಲಿಲ್ಲ. ಈಗ ನೀವು ಅಕಿ ಹೆಸರಿನ್ಯಾಗ ಬೇಡಾಕತ್ತೀರಿ. ಗುಂಗಿನ್ಯಾಗರ ಹೇಳಲಿ, ಎಚ್ಚರದಾಗರ ಹೇಳಲಿ, ಆಟ ಅಕಿದು."

ಅವರು ಬರೆದದ್ದನ್ನು ಅಳಿಸಿದರು. ನಾನು ಕಾವಲು ಹಡಗನ್ನು ದಕ್ಷಿಣಕ್ಕೆ ತಿರುಗಿಸಿ, ರೇಡಾರ್ ಹಚ್ಚಿ, ಫೈಲ್ ಕಳಿಸಿದೆ. ತಪ್ಪಾದರೆ ಅತ್ತೆಯ ಕಡೆಯ ಆಟವನ್ನು ಕೆಡಿಸಿದ ಸೊಸೆ ನಾನೇ ಆಗುತ್ತಿದ್ದೆ.

ಮರುದಿನ ಫೈಲ್ ಬಂತು. ಆ ಹಡಗು ಮುಳುಗಿತ್ತು. ನಾನು ಉಳಿದ ಹಡಗುಗಳನ್ನು ಹೇಳಿದಂತೆ ದಂಡೆಯ ಗುಂಟ, ದೋಣಿಗಳ ನಡುವೆ, ಬಾಯಿ ಮುಚ್ಚಿಸಿ ನಡೆಸಿದೆ. ಅದರ ಮುಂದಿನ ಸರದಿಯಲ್ಲೂ ಅವುಗಳ ಹತ್ತಿರ ಯಾರೂ ಸುಳಿಯಲಿಲ್ಲ. ಆಗ ಗಂಡ ನಕ್ಷೆಯ ಮೇಲೆ ಬೆರಳಿಟ್ಟು ನೋಡಿ, "ಎಲ್ಲಾರೂ ದಕ್ಷಿಣಕ್ಕ ಹೋಗ್ಯಾರ," ಎಂದರು. ಗದ್ದಲ ಮಾಡುತ್ತ ಓಡಿದ ಆ ಒಂದು ಹಡಗಿನ ಸುತ್ತಲೇ ಎಣ್ಣೆ ಹಡಗುಗಳೂ ಇವೆಯೆಂದು ನಂಬಿ ಆ ನಾರ್ವೆಯವನು ಇದ್ದಬದ್ದದ್ದನ್ನೆಲ್ಲ ಅಲ್ಲಿಗೆ ಸುರಿದಿದ್ದ. ಮಾಮಾ, ಕಾಕು, ದೊಡ್ಡವ್ವ ಮುಂಬಯಿ ಸೇರಿದರು. ಕಡೆಗೆ ವೈನಿಯೂ ಬಂದಳು.

ಅತ್ತೆ ಮತ್ತೆ ಮನೆಗೆ ಬರಲಿಲ್ಲ. ಐ.ಸಿ.ಯು.ನಿಂದ ವಾರ್ಡಿಗೆ ತಂದದ್ದು ಕೂಡ ನಾವು ಹತ್ತಿರ ಕೂತಿರಲಿ ಎಂದು, ಗುಣವಾಯಿತೆಂದಲ್ಲ. ಇಂದಿಗೂ ಯಾರಾದರೂ ನಿನ್ನ ಅತ್ತೆ ನಿನಗೆ ಏನು ಕೊಟ್ಟರು ಎಂದರೆ, ಒಬ್ಬರನ್ನು ಪ್ರೀತಿಸುವುದೆಂದರೆ ಅವರ ಮಾತು ಉಳಿಸುವುದು ಎಂದು ಕಲಿಸಿಕೊಟ್ಟರು ಎನ್ನುತ್ತೇನೆ. ಚಿನ್ನ ಕೊಟ್ಟಿದ್ದರೆ ಇಷ್ಟು ಹೆಮ್ಮೆಯಿಂದ ಹೇಳುತ್ತಿದ್ದೆನೋ ಇಲ್ಲವೋ.

ವಾರ್ಡಿಗೆ ತಂದ ದಿನ ನಾನು ಬೀಗರಿಂದ ಬಂದ ಇ-ಮೇಲನ್ನು ಕನ್ನಡದಲ್ಲಿ ಓದಿ ಹೇಳಿದೆ. ಸರ್, ದಕ್ಷಿಣದ ಆ ಹಡಗು ನನಗೆ ಪೂರಾ ಮೋಸ ಮಾಡಿತು, ನಿಮ್ಮ ಒಂದು ಹಡಗನ್ನೂ ಉಳಿಸಬಾರದೆಂದೇ ಹೊರಟಿದ್ದೆ ಎಂದು ಬರೆದಿದ್ದ. ಅತ್ತೆ ಕಣ್ಣು ಮುಚ್ಚಿ ಕೇಳಿದರು. ಆಮೇಲೆ ಕಣ್ಣು ತೆರೆದು ಮೊದಲು ಮಗನನ್ನು, ಆಮೇಲೆ ನನ್ನನ್ನು ನೋಡಿದರು.

"ಖರೆ ಹೇಳ್ರಿ. ಯಾರರ ಬೀಗರಿಗೆ ಏನರ ಹೇಳೀರೇನು?"

ಗಂಡ ತಲೆ ತಗ್ಗಿಸಿದರು. ನಾನು ಅತ್ತೆಯ ಕಣ್ಣಿಗೆ ಕಣ್ಣಿಟ್ಟು, "ಇಲ್ರಿ ಅತ್ತಿ. ಯಾರೂ ಏನೂ ಹೇಳಿಲ್ಲ," ಎಂದೆ.

ಅವರ ಮುಖ ಬೆಳಗಿತು.

"ಹಂಗಾದ್ರ ಗೆದ್ದೀನಿ," ಎಂದರು. "ಬೀಗರಿಗೆ ಬರಿ. ಇನ್ನೊಂದು ಆಟಕ್ಕ ತಯಾರಾಗ್ರಿ ಅಂತ."