ಟೀಚರ ಗಂಡ ಮಾಡಿದ ಸಾರು

ನಾನು ಶಿರಸಿಯ ಸುತ್ತ ಮದುವೆ, ಮುಂಜಿಗೆ ಅಡುಗೆ ಮಾಡುವವನು. ಹೆಂಡತಿ ಹೈಸ್ಕೂಲ್ ಟೀಚರು. ಅವಳಿಗೆ ತಿಂಗಳಾದರೆ ಸಂಬಳ; ನನಗೆ ಮುಹೂರ್ತವಿದ್ದರೆ ದುಡಿಮೆ, ಆಷಾಢ ಬಂದರೆ ಜಗಲಿ. ಅವಳು ಫ್ರಿಜ್ ತಂದು ಆರು ತಿಂಗಳಾದರೂ ನಾನು ಅದರ ಬಾಗಿಲು ಮುಟ್ಟಿರಲಿಲ್ಲ. ತಣ್ಣೀರು ಬೇಕಾದರೆ ಮೂಲೆಯ ಮಡಕೆಗೇ ಹೋಗುತ್ತಿದ್ದೆ. ಅವಳು ಏನೂ ಅನ್ನುತ್ತಿರಲಿಲ್ಲ, ಅದಕ್ಕೇ ಇನ್ನಷ್ಟು ಉರಿಯುತ್ತಿತ್ತು. ಹೊಟ್ಟೆಕಿಚ್ಚು ಎನ್ನಲು ನಾಚಿಕೆ, ಆದರೆ ಅದು ಹೊಟ್ಟೆಕಿಚ್ಚೇ.

ಕಳೆದ ವರ್ಷ ಅವಳಿಗೆ ಮಂಚಿಕೇರಿ ಕಡೆ ವರ್ಗವಾಯಿತು. ಅಲ್ಲಿನ ಹೆಡ್ಮಾಸ್ತರರ ಮನೆಯ ಗೃಹಪ್ರವೇಶಕ್ಕೆ ಊಟದ ಕರೆ ಅವಳಿಗೆ ಬಂತು. ಅಡುಗೆಗೆ ಅವರ ಭಾವ ನನ್ನನ್ನು ಗೊತ್ತುಮಾಡಿದ್ದರು. ನಾನು ಯಾರ ಗಂಡನೆಂದು ಅವರಿಗೆ ತಿಳಿಯದು.

"ಅಲ್ಲಿ ಆನು ನಿನ್ನ ಗಂಡ ಹೇಳಿ ಯಾರ ಹತ್ರನೂ ಹೇಳಡ. ನಿಂಗೇ ಮರ್ಯಾದೆ ಕಡಿಮೆ ಆಗ್ತು" ಎಂದು ನಮ್ಮ ಹವ್ಯಕ ಮಾತಿನಲ್ಲಿ ಮೊದಲೇ ತಡೆದೆ. ಅವಳು ಸೀರೆ ಮಡಚುತ್ತಲೇ ಇದ್ದಳು.

ನೈವೇದ್ಯಕ್ಕೆ ಮೊದಲು ನಾವು ರುಚಿ ನೋಡುವಂತಿಲ್ಲ. ಉಪ್ಪು ಕೈಯಳತೆಯದು, ಮನಸ್ಸು ಅಲ್ಲೇ ಇರಬೇಕು. ಆವತ್ತು ಸಾರು ಕುದಿಯುವಾಗ ಅವಳು ಉಳಿದ ಟೀಚರುಗಳ ಜೊತೆ ನಗುತ್ತ ಅಂಗಳಕ್ಕೆ ಬಂದಳು. ನನ್ನ ಮನಸ್ಸು ಅತ್ತ ಹೋಯಿತು.

ಬಡಿಸುವಾಗ ಅವಳ ಎಲೆಗೆ ತಲೆಯೆತ್ತದೆ ಸಾರು ಹಾಕಿ ದಾಟಿದೆ. ಸ್ವಲ್ಪ ಹೊತ್ತಿಗೆ ಪಂಕ್ತಿಯಲ್ಲಿ ಗುಸುಗುಸು. "ಅಡುಗೆಯವ ಉಪ್ಪನ್ನೇ ಮರೆತಿದ್ದಾನೆ" ಎಂದು ಯಾರೋ ನಕ್ಕರು.

"ಅವರು ನಮ್ಮನೆಯವರು." ಅವಳ ದನಿ ಪಾಠ ಹೇಳುವಷ್ಟು ಸ್ಪಷ್ಟವಾಗಿತ್ತು. "ಇಪ್ಪತ್ತು ವರ್ಷದಲ್ಲಿ ಇದೇ ಮೊದಲು ಮರೆತಿದ್ದು." ಆಮೇಲೆ ನನ್ನ ಕಡೆ ತಿರುಗಿ, "ಇತ್ಲಾಗೆ ಸ್ವಲ್ಪ ಉಪ್ಪು ತನ್ನಿ" ಎಂದಳು. ಸಾಲು ಪೂರ್ತಿ ಉಪ್ಪು ಬಡಿಸಿದೆ.

ಸಂಜೆ ಅವಳ ಸ್ಕೂಟರಿನ ಹಿಂದೆ ಕೂತು, "ಇದ್ದ ಮರ್ಯಾದೆನೂ ಹೋತು" ಎಂದೆ.

"ಉಪ್ಪು ದೊಡ್ಡ ವಿಷ್ಯ ಅಲ್ಲ. ಆನು ಯಾರೋ ಗುರ್ತಿಲ್ದವ್ಳು ಹೇಳುವಾಂಗೆ ನಂಗೆ ಬಡಿಸಿ ಹೋದ್ರಿ. ನಿಂಗಳ ಕೆಲಸಕ್ಕೆ ನಂಗೆ ಯಾವತ್ತೂ ನಾಚಿಕೆ ಆಯ್ದಿಲ್ಲೆ. ನಾಚಿಕೆ ಇದ್ದಿದ್ದು ನಿಂಗಕ್ಕೆ."

ಮನೆ ಮುಟ್ಟಿದ್ದೇ ಅಡುಗೆಮನೆಗೆ ಹೋದೆ. ಬಾಯಾರಿ ಮಡಕೆಗೆ ಲೋಟ ಅದ್ದಿದರೆ ಅದು ಖಾಲಿ ತಳಕ್ಕೆ ತಾಗಿತು. ಆ ದಿನ ಇಬ್ಬರೂ ಬೇಗ ಹೊರಟಿದ್ದೆವು. ನನ್ನ ಹಟದ ಮಡಕೆಗೆ ಇಷ್ಟು ದಿನ ಬೆಳಿಗ್ಗೆ ಎದ್ದು ನೀರು ತುಂಬಿಸುತ್ತಿದ್ದವಳು ಅವಳೇ ಎಂದು ಆಗ ಹೊಳೆಯಿತು.

ಫ್ರಿಜ್ಜಿನ ಬಾಗಿಲು ತೆರೆದು ಎರಡು ಲೋಟಕ್ಕೆ ನೀರು ಬಗ್ಗಿಸಿದೆ.