ಸೊಪ್ಪು ಹಾಕುವ ಹೊತ್ತು

ನನಗೆ ಮೂಗಿನ ತುದಿಯಲ್ಲೇ ಕೋಪ. ಅದು ಅಪ್ಪನಿಂದ ಬಂದದ್ದು. ತೊಂಬತ್ತರ ದಶಕದ ಕೊನೆಯಲ್ಲಿ, ನಮ್ಮೂರು ಅಗರದ ನಮ್ಮ ಹಿಪ್ಪುನೇರಳೆ ತೋಟದಲ್ಲಿ ಕಡ್ಡಿ ಕಡಿಯುವಾಗ ಕೂಳೆಯೊಂದು ಅವನ ಅಂಗಾಲಿಗೆ ಚುಚ್ಚಿತು. ಆಸ್ಪತ್ರೆಗೆ ನಡಿ ಎಂದು ನಾನು ಬೈದದ್ದೆಲ್ಲ ಗೋಡೆಗೆ ಹೇಳಿದ ಹಾಗಾಯಿತು. ಅರಿಸಿನ ಮೆತ್ತಿಕೊಂಡು ಅದೇ ಕಾಲಲ್ಲಿ ಓಡಾಡಿದ. ನಂಜು ರಕ್ತಕ್ಕೇರಿತು. ಕೊಳ್ಳೇಗಾಲದ ನರ್ಸಿಂಗ್ ಹೋಮಿಗೆ ಸೇರಿಸುವಷ್ಟರಲ್ಲಿ ಅವನಿಗೆ ನಮ್ಮ ಗುರುತು ಸಿಗುತ್ತಿರಲಿಲ್ಲ.

ನಾನು ಯಳಂದೂರಿನ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಡಂ. ಅದು ಗೊತ್ತಾದ ಮೇಲೆ ಡಾಕ್ಟರು ನನಗೆ ಬಿಡಿಸಿ ಹೇಳಿದರು.

"ನೋಡಿ ಮೇಡಂ, ಇಷ್ಟು ನಂಜಾದಾಗ ಒಂದೊಂದು ಜೀವಕೋಶಾನೂ ಒದ್ದಾಡ್ತಿರುತ್ತೆ. ರಿಪೇರಿಗೆ ಸಾಮಾನು ಸಾಲದೆ ದೇಹ ತನ್ನ ಮಾಂಸಾನೇ ಕರಗಿಸ್ಕೊಳ್ಳುತ್ತೆ. ಆ ಸಾಮಾನು ಅಂದ್ರೆ ಅಮೈನೋ ಆಮ್ಲ. ಅದನ್ನ ಬಾಟಲಿನಲ್ಲಿ ಕೊಡಬಹುದು. ಬೇಗ ಕೊಡಿ ಅನ್ನೋರೂ ಇದ್ದಾರೆ, ಸ್ವಲ್ಪ ತಡೀರಿ ಅನ್ನೋರೂ ಇದ್ದಾರೆ. ನಾನು ಗ್ಯಾರಂಟಿ ಕೊಡಲಾರೆ."

"ಕೊಡಿ ಸರ್," ಎಂದೆ.

ಬೆಂಚಿನ ಮೇಲಿದ್ದ ಅವ್ವ ಎದ್ದು ನಿಂತಳು. "ತಡೀರಿ ಸಾ. ತಲೆ ಎತ್ಕಂಡು ಕೂತಿರೋ ಉಳಕ್ಕೆ ಯಾರಾರ ಸೊಪ್ಪು ಆಕ್ತಾರಾ? ಒಳಗೇನೋ ಕೆಲ್ಸ ನಡೀತಾ ಇರ್ತದೆ. ಅದು ಮುಗೀಲಿ. ಆಮೇಕೆ ಅದೇ ಬಾಯಿ ಬುಡ್ತದೆ."

ಡಾಕ್ಟರು ನನ್ನ ಮುಖ ನೋಡಿದರು. ರೇಷ್ಮೆ ಸಾಕಿದವರಿಗೆ ಅವ್ವನ ಮಾತು ಹೊಸದಲ್ಲ. ಹುಳು ನಾಲ್ಕು ಸಲ ಪೊರೆ ಬಿಡುತ್ತದೆ. ಬಿಡುವ ಮುಂಚೆ ಮೇವು ನಿಲ್ಲಿಸಿ, ತಲೆ ಎತ್ತಿ, ಅಲ್ಲಾಡದೆ ಕೂರುತ್ತದೆ. ಆಗ ಸೊಪ್ಪು ಹಾಕುವಂತಿಲ್ಲ, ತಟ್ಟೆಗೆ ಸುಣ್ಣದ ಪುಡಿ ಉದುರಿಸಿ ಕಾಯಬೇಕು. ಅವಸರಪಟ್ಟರೆ ಮುಂಚೆ ಎದ್ದವು ತಿಂದು ಕೊಬ್ಬಿ, ಉಳಿದವು ಸೊಪ್ಪಿನಡಿ ಸಿಕ್ಕಿ ಬೆಳೆ ಏರುಪೇರಾಗುತ್ತದೆ. ತಡಮಾಡಿದರೆ ಎದ್ದವು ಹಸಿದು ಸೊರಗುತ್ತವೆ. ನಡುವಿನ ಆ ಹೊತ್ತನ್ನು ಹಿಡಿಯುವುದರಲ್ಲಿ ಅವ್ವನದು ಎತ್ತಿದ ಕೈ. ಅಕ್ಕಪಕ್ಕದ ಮನೆಯವರು "ಒಸಿ ಬಂದು ನೋಡವ್ವ" ಎಂದು ಅವಳನ್ನೇ ಕರೆಯುತ್ತಿದ್ದರು.

"ಅಪ್ಪ ಉಳ ಅಲ್ಲ ಕಣವ್ವ, ಮನ್ಸ! ನಿಂಗೇನು ಗೊತ್ತಾದದು, ಸುಮ್ಕಿರು," ಎಂದು ಗದರಿದೆ. ವಾರ್ಡಿಗೆಲ್ಲ ಕೇಳಿಸಿತು. ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು ಮತ್ತೆ ಬೆಂಚಿನ ಮೇಲೆ ಕೂತಳು.

ಬಾಟಲಿ ಏರಿತು. ನಾನು ಹನಿಗಳನ್ನು ನೋಡುತ್ತಾ ಕೂತೆ. ನನ್ನ ವಿಜ್ಞಾನದ ಮೇಲೆ ಅಷ್ಟೇನೂ ನಂಬಿಕೆಯಿತ್ತು ಅಂತಲ್ಲ, ಭಯವಿತ್ತು. ಸೊಪ್ಪಿನ ಹೊರೆ ಹೊತ್ತ ಆ ತೋಳು ದಿನದಿಂದ ದಿನಕ್ಕೆ ಕರಗುತ್ತಿತ್ತು. ಅದನ್ನು ಕೈಕಟ್ಟಿಕೊಂಡು ನೋಡುವುದು ನನ್ನಿಂದಾಗಲಿಲ್ಲ.

ಮೂತ್ರ ನಿಂತಿತು. ಕಿಡ್ನಿ ಸೋತಿದೆ, ಮೈಸೂರಿಗೆ ಒಯ್ಯಿರಿ ಎಂದರು. ಆಂಬುಲೆನ್ಸ್ ಬರುವುದರೊಳಗೆ ಅಪ್ಪ ಹೋಗಿಬಿಟ್ಟ.

"ಬಾಟಲಿಯಿಂದಲ್ಲ ಮೇಡಂ, ನಂಜಿನಿಂದ," ಎಂದರು ಡಾಕ್ಟರು. ಅವರು ಸುಳ್ಳು ಹೇಳುವ ಮನುಷ್ಯರಲ್ಲ. ಹಗಲು ಪಾಠ ಮಾಡುವಾಗ ಅವರ ಮಾತನ್ನು ಪೂರ್ತಿ ನಂಬುತ್ತಿದ್ದೆ. ಕೈಗೆ ಕೆಲಸವಿಲ್ಲದಾಗ ಆ ನಂಬಿಕೆ ಸಡಿಲವಾಗುತ್ತಿತ್ತು. ಮುಂದೆ ಎಷ್ಟೋ ಓದಿದೆ. ಹಸಿದ ಜೀವಕೋಶ ತನ್ನೊಳಗೆ ಮುರಿದುಬಿದ್ದದ್ದನ್ನು ತಾನೇ ಅರಗಿಸಿ ಚೊಕ್ಕಟ ಮಾಡಿಕೊಳ್ಳುತ್ತದಂತೆ. ಅಮೈನೋ ಆಮ್ಲ ಧಾರಾಳವಾಗಿ ಬಂದರೆ ಆ ಕೆಲಸ ನಿಧಾನವಾಗಬಹುದಂತೆ. ಪುಟ ತಿರುಗಿಸಿದರೆ, ಕೊಡದೆ ಬಿಟ್ಟವರು ಉಸಿರಾಡುವ ಶಕ್ತಿಯನ್ನೂ ಕಳೆದುಕೊಳ್ಳಬಹುದಂತೆ. ಅತ್ತ ದರಿ, ಇತ್ತ ಪುಲಿ. ಸಿಟ್ಟಿಗೆ ಓದುವುದನ್ನೇ ಬಿಟ್ಟೆ.

ಅವ್ವ ಇದಕ್ಕೆಲ್ಲ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನಾನೂ ನಾಲ್ಕು ಮಾತಾಡಿ, ಅತ್ತು ಹಗುರಾಗುತ್ತಿದ್ದೆ.

ಆ ವರ್ಷ ಮಳೆ ಬಿದ್ದ ಮೇಲೆ ಅವಳು ಮತ್ತೆ ಹುಳು ಸಾಕತೊಡಗಿದಳು. ಒಂದು ಭಾನುವಾರ ಊರಿಗೆ ಹೋದಾಗ, ಸೊಪ್ಪಿನ ಮಂಕರಿ ಸೊಂಟಕ್ಕೆ ಆನಿಸಿಕೊಂಡು ತಟ್ಟೆಗಳ ಮುಂದೆ ನಿಂತಿದ್ದಳು. ಅರ್ಧ ಹುಳು ಪೊರೆ ಬಿಟ್ಟು ಹರಿದಾಡುತ್ತಿದ್ದವು, ಇನ್ನರ್ಧ ತಲೆ ಎತ್ತಿ ಕೂತಿದ್ದವು. ಹಿಡಿ ಸೊಪ್ಪು ತೆಗೆದಳು, ಮತ್ತೆ ಮಂಕರಿಗೇ ಹಾಕಿದಳು. ನನ್ನ ಕಡೆ ತಿರುಗಿದಳು.

"ಈಗ ಆಕ್ಲಾ ಮಗ, ಇನ್ನೂ ತಡೀಲಾ? ನೀನೇ ಯೋಳು."

ಚುಚ್ಚುತ್ತಿದ್ದಾಳೇನೋ ಎಂದು ಅವಳ ಮುಖ ನೋಡಿದೆ. ಇಲ್ಲ. ಅವ್ವನಿಗೆ ನಿಜವಾಗಿಯೂ ಗೊತ್ತಾಗುತ್ತಿರಲಿಲ್ಲ.