ಮೈದುನನ ಜೇಬಿನಲ್ಲಿ ಅತ್ತಿಗೆಯ ದನಿ

ಆಕೆಯನ್ನು ಇಡೀ ಬಸ್ ನಿಲ್ದಾಣ ಅತ್ತಿಗೆ ಎಂದೇ ಕರೆಯುತ್ತಿತ್ತು. ನಿಲ್ದಾಣದ ಮ್ಯಾನೇಜರು ಆಕೆಯ ಗಂಡನ ತಮ್ಮ. ಅವನು ಕರೆದಂತೆ ಕಂಡಕ್ಟರುಗಳು ಕರೆದರು, ಕಂಡಕ್ಟರುಗಳು ಕರೆದಂತೆ ಪ್ರಯಾಣಿಕರೂ ಕರೆದರು. ಒಬ್ಬ ಮೈದುನನಿದ್ದ ಮನೆಗೆ ಸೊಸೆಯಾಗಿ ಬಂದವಳು ಹೀಗೆ ಊರು ತುಂಬ ಮೈದುನರನ್ನು ಸಂಪಾದಿಸಿಕೊಂಡಿದ್ದಳು.

ಆಕೆಯ ಕೆಲಸ ಮೈಕಿನ ಮುಂದೆ ಕೂತು ಬಸ್ಸುಗಳನ್ನು ಕೂಗುವುದು. ಗಾಜಿನ ಗೂಡಿನಂಥ ಕೋಣೆ, ಒಂದು ಕುರ್ಚಿ, ಬೆನ್ನಿಗೊಂದು ದಿಂಬು. "ದಯವಿಟ್ಟು ಗಮನಿಸಿ" ಎಂದು ಶುರುಮಾಡಿದರೆ ಅಳುವ ಕೂಸೂ ಒಂದು ಗಳಿಗೆ ಬಾಯಿ ಮುಚ್ಚಿ ಗಮನಿಸುತ್ತಿತ್ತು. ತಡವಾದ ಬಸ್ಸಿಗೆ ಒಂದು ದನಿ, ಕೆಟ್ಟು ನಿಂತ ಬಸ್ಸಿಗೆ ಇನ್ನೊಂದು. ಗಂಡ ಅದೇ ನಿಲ್ದಾಣದಲ್ಲಿ ಡ್ರೈವರಾಗಿದ್ದ. ಅವನು ಬದುಕಿದ್ದಷ್ಟು ದಿನ ಅವನ ಬಸ್ಸು ಕೂಗುವಾಗ ಆಕೆಯ ಗಂಟಲಲ್ಲಿ ಒಂದು ಚಮಚ ಸಕ್ಕರೆ ಹೆಚ್ಚಿರುತ್ತಿತ್ತು ಎಂದು ಕಂಡಕ್ಟರುಗಳು ರೇಗಿಸುತ್ತಿದ್ದರು.

ಒಂದು ದಿನ ಮೈದುನ ಬಂದು ಹೇಳಿದ: "ಅತ್ತಿಗೆ, ನೀವು ರಜಾ ಹಾಕಿದಾಗ ಜನಕ್ಕೆ ತೊಂದರೆ ಆಗ್ಬಾರ್ದಲ್ವಾ? ನಿಮ್ಮ ದನೀನ ಒಂಚೂರು ರೆಕಾರ್ಡ್ ಮಾಡಿಟ್ಕೊಳ್ಳೋಣ."

ಕಿಟಕಿಗೆ ಕಂಬಳಿ ಕಟ್ಟಿದ ಕೋಣೆಯಲ್ಲಿ ಕೂತು ಆಕೆ ಬಸ್ಸಿನ ನಂಬರುಗಳನ್ನೆಲ್ಲ, ಊರುಗಳನ್ನೆಲ್ಲ, "ಹೊರಡಲಿದೆ", "ತಡವಾಗಿದೆ", "ರದ್ದಾಗಿದೆ"ಗಳನ್ನೆಲ್ಲ ಬಿಡಿಬಿಡಿಯಾಗಿ ಹೇಳಿಕೊಟ್ಟಳು. "ರದ್ದಾಗಿದೆ" ಸರಿಯಾಗಿ ಬರಲಿಲ್ಲವೆಂದು ತಾನೇ ಮತ್ತೆ ಮತ್ತೆ ಹೇಳಿದಳು. ರದ್ದಾಗುತ್ತಿರುವ ಬಸ್ಸು ತಾನೇ ಎಂದು ಹೊಳೆಯಲಿಲ್ಲ.

ಮುಂದಿನ ವಾರ ಕೆಲಸಕ್ಕೆ ಹೋದರೆ ಗಾಜಿನ ಗೂಡಿನಲ್ಲಿ ಕುರ್ಚಿ ಇಲ್ಲ, ಕಂಪ್ಯೂಟರಿದೆ. ಅದು ಆಕೆಯದೇ ದನಿಯಲ್ಲಿ ಬಸ್ಸು ಕೂಗುತ್ತಿದೆ. ದಿಂಬನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಬಾಗಿಲ ಹೊರಗಿಟ್ಟಿದ್ದರು.

"ಹಂಗಾದ್ರೆ ನಾನು?"

"ಹೊಸ ಸಿಸ್ಟಮ್ ಜೊತೆ ನೀವು ಹೊಂದಿಕೆ ಆಗಲ್ಲ ಅತ್ತಿಗೆ. ಆರಾಮಾಗಿ ಮನೇಲಿರಿ. ನಿಮ್ಮ ದನಿ ಇದೆಯಲ್ಲ, ಸಾಕು."

ದನಿ ಆಕೆಯದು, ಧಣಿ ಅವನು.

ಮನೆ ದೂರವಿದ್ದಿದ್ದರೆ ಮರೆತುಬಿಡಬಹುದಿತ್ತೇನೋ. ಆದರೆ ಅಣ್ಣತಮ್ಮಂದಿರು ಕೂಡಿ ಕಟ್ಟಿಸಿದ ಮನೆ ನಿಲ್ದಾಣದ ಎದುರಿಗೇ ಇತ್ತು. ಕೆಳಗೆ ಅತ್ತಿಗೆ, ಮೇಲೆ ಮೈದುನ ಮತ್ತು ಅವನ ಹೆಂಡತಿ. ಬೆಳಗಿನಿಂದ ಸಂಜೆಯವರೆಗೆ ಅಡುಗೆಮನೆಯ ಕಿಟಕಿಯಿಂದ ಆಕೆಯ ದನಿ ಒಳಗೆ ಬಂದು ಆಕೆಯನ್ನೇ ಗಮನಿಸಲು ಹೇಳುತ್ತಿತ್ತು. "ಸುಳ್ಳು ಬೊಗಳ್ಬೇಡ್ವೇ, ಆ ಬಸ್ಸು ಆಗ್ಲೇ ಹೋಯ್ತು" ಎಂದು ಆಕೆ ತನ್ನ ದನಿಗೇ ಬಯ್ಯುತ್ತಿದ್ದಳು. ಗಂಡನ ಬಸ್ಸಿನ ನಂಬರು ಹೇಳಿಕೊಡುವಾಗ ಅಭ್ಯಾಸಬಲದಿಂದ ಬಂದ ಆ ಹಳೆಯ ಸಕ್ಕರೆ ಮಾತ್ರ ಅದರಲ್ಲಿ ಹಾಗೇ ಉಳಿದಿತ್ತು. ಈಗ ಆ ಬಸ್ಸು ಓಡಿಸುತ್ತಿದ್ದವನು ಯಾರೋ ಬೊಕ್ಕತಲೆಯವನು. ಅದನ್ನು ಕೇಳಿದಾಗಲೆಲ್ಲ ಆಕೆಗೆ ಮೈ ಉರಿಯುತ್ತಿತ್ತು. ಆಕೆಗೆ ಬೇಕಾಗಿದ್ದದ್ದು ಒಂದೇ: ತನ್ನ ದನಿ ತನಗೆ ವಾಪಸ್ಸು ಬರಬೇಕು. ಮೈದುನನ ಮಾನ ಹೋಗಿಯೇ ಬಂದರೆ ಇನ್ನೂ ಸಂತೋಷ.

ಗಂಟಲಲ್ಲಿದ್ದ ಸಕ್ಕರೆ ಅಷ್ಟರಲ್ಲಿ ರಕ್ತಕ್ಕಿಳಿದಿತ್ತು. ಡಾಕ್ಟರಮ್ಮ ತೋಳಿಗೆ ಒಂದು ಬಿಳಿ ಬಿಲ್ಲೆ ಅಂಟಿಸಿದಳು. ಅದರ ಹೆಸರು ಸೆನ್ಸರ್. ಸಿನಿಮಾಕ್ಕೆ ಕತ್ತರಿ ಹಾಕುವುದು ಸೆನ್ಸಾರ್, ಸಕ್ಕರೆಗೆ ಕಣ್ಣಿಡುವುದು ಸೆನ್ಸರ್. ನಡುವೆ ಒಂದೇ ಒಂದು ದೀರ್ಘ, ಮಿಕ್ಕಂತೆ ಇಬ್ಬರಿಗೂ ಸಿಹಿ ಕಂಡರಾಗದು. ಬಿಲ್ಲೆ ಸಕ್ಕರೆ ಅಳೆದು ಫೋನಿಗೆ ಕಳಿಸುತ್ತದೆ, ಫೋನು ಅದನ್ನು ಡಾಕ್ಟರಮ್ಮನ ಕಂಪ್ಯೂಟರಿಗೆ ಕಳಿಸುತ್ತದೆ.

ಅತ್ತಿಗೆಯ ಫೋನಿಗೆ ಆಪ್ ಹಾಕಲು ಹೋದರೆ ಪರದೆಯ ಮೇಲೆ ಬಂತು: ಈ ಫೋನು ಹೊಂದಿಕೆಯಾಗುವುದಿಲ್ಲ.

"ಇದಕ್ಕೂ ನನ್ ಮೈದುನನೇ ಹೇಳ್ಕೊಟ್ಟಿರ್ಬೇಕು" ಎಂದಳು ಅತ್ತಿಗೆ.

ಆ ಭಾನುವಾರ ಮನೆತುಂಬ ನೆಂಟರು. ಮೈದುನ ತನ್ನ ಹಳೆಯ ಫೋನನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದ. "ಇದು ಹೊಂದುತ್ತೆ, ನಾನು ವಿಚಾರಿಸಿದೀನಿ. ನಾನು ಹೊಸದು ತಗೊಂಡೆ, ಇದು ಅತ್ತಿಗೆಗೆ. ಅಷ್ಟೇ ಅಲ್ಲ, ಅವರ ಸಕ್ಕರೆ ಏರಿದ್ರೂ ಇಳಿದ್ರೂ ನನ್ನ ಹೊಸ ಫೋನಿಗೂ ಗೊತ್ತಾಗುತ್ತೆ. ಅಣ್ಣ ಇಲ್ಲ ಅಂದ್ರೇನು, ನಾನಿಲ್ವಾ?"

ನೆಂಟರು ಕಣ್ಣೊರೆಸಿಕೊಂಡರು. ಹೀಗೆ ಇನ್ನೊಬ್ಬರ ಸಕ್ಕರೆ ಕಾಯುವವನಿಗೆ ಆಪ್ ಇಟ್ಟ ಹೆಸರು ಹಿಂಬಾಲಕ. ನಿಲ್ದಾಣದಲ್ಲಿ ಹಿಂದೆ ಮುಂದೆ ಬಾಲಕರನ್ನಿಟ್ಟುಕೊಂಡು ಓಡಾಡುತ್ತಿದ್ದವನು ತಾನೇ ಬಾಲವಾದದ್ದು ಅವನಿಗೆ ತಿಳಿಯಲಿಲ್ಲ.

ಮೊದಲ ಸಲ ನಡೆದದ್ದು ಆಕಸ್ಮಿಕ. ಸೋಮವಾರ ಬೆಳಿಗ್ಗೆ ಕಿಟಕಿಯಿಂದ ಗಂಡನ ಬಸ್ಸಿನ ನಂಬರು ಕೇಳಿ ರೇಗಿಹೋಗಿ ಅತ್ತಿಗೆ ಬ್ರೆಡ್ಡಿನ ಮೇಲೆ ದಪ್ಪಗೆ ಜಾಮು ಬಳಿದು ತಿಂದಳು. ಮಧ್ಯಾಹ್ನ ಓರಗಿತ್ತಿ ನಗುತ್ತಲೇ ಮೆಟ್ಟಿಲಿಳಿದು ಬಂದಳು.

"ಅಕ್ಕಾ, ಏನ್ ತಿಂದ್ರಿ ಬೆಳಿಗ್ಗೆ? ಸೋಮವಾರದ ಮೀಟಿಂಗಲ್ಲಿ ಇವರ ಫೋನು ಕೊಯ್ಯೋ ಅಂತ ಕೂಗ್ಕೊಂಡಿದೆ! ಬಾಯಿ ಮುಚ್ಚಿಸಿಟ್ರೂ ಕೂಗುತ್ತಂತೆ. ಜೀವದ ವಿಷಯ ಅಲ್ವಾ, ಅದು ಯಾರ್ ಮಾತೂ ಕೇಳಲ್ಲ. ದೊಡ್ಡ ಸಾಹೇಬರು ಇವರನ್ನ ಹೊರಗೆ ಕಳಿಸಿದ್ರಂತೆ."

ಅತ್ತಿಗೆ ತನ್ನ ತೋಳು ನೋಡಿಕೊಂಡಳು, ಆಮೇಲೆ ಜಾಮಿನ ಬಾಟಲಿ ನೋಡಿದಳು.

"ಏನೇ, ಆ ಕೂಗೋ ಸದ್ದನ್ನ ಬದಲಾಯಿಸ್ಬಹುದಾ?"

ಓರಗಿತ್ತಿಗೂ ತನ್ನದೇ ಲೆಕ್ಕವಿತ್ತು. ಗಂಡ ಊಟದ ಹೊತ್ತಿನಲ್ಲೂ ಫೋನಿಗೆ ಮುಖ, ಹೆಂಡತಿಗೆ ಬೆನ್ನು ಕೊಡುವ ಗಿರಾಕಿ. ಅವನು ಸ್ನಾನಕ್ಕೆ ಹೋದಾಗ ಅವನ ಹೊಸ ಫೋನು ಮೆಟ್ಟಿಲಿಳಿದು ಕೆಳಗೆ ಬಂತು, ಕೆಲಸ ಮುಗಿಯಿತು. ಅತ್ತಿಗೆ ಬೆನ್ನಿಗೆ ದಿಂಬು ಇಟ್ಟುಕೊಂಡು, ಗಂಟಲು ಸರಿಮಾಡಿಕೊಂಡು, ಒಂದೇ ಉಸಿರಿಗೆ ರೆಕಾರ್ಡ್ ಮಾಡಿದಳು. ಈ ಸಲ ಎರಡನೇ ಸಲ ಹೇಳುವ ಅಗತ್ಯ ಬೀಳಲಿಲ್ಲ.

ಮುಂದಿನ ಸೋಮವಾರ ಮೀಟಿಂಗಿನ ನಡುವೆ ಮೈದುನನ ಜೇಬು ಮಾತಾಡಿತು: "ದಯವಿಟ್ಟು ಗಮನಿಸಿ. ಅತ್ತಿಗೆಯ ಸಕ್ಕರೆ ಏರುತ್ತಿದೆ. ಮೈದುನ ಎಲ್ಲಿದ್ದರೂ ಕೂಡಲೇ ಮನೆಗೆ ಹೊರಡತಕ್ಕದ್ದು."

ಜಾಮು ನಾಲಿಗೆಯಿಂದ ಬಿಲ್ಲೆಗೆ ತಲುಪಲು ಸ್ವಲ್ಪ ಹೊತ್ತು ಹಿಡಿಯುತ್ತದೆ. ಬಸ್ಸು ಯಾವಾಗ ಬಂದೀತು ಎಂದು ಜೀವಮಾನವೆಲ್ಲ ಹೇಳಿದವಳಿಗೆ ಜಾಮು ಯಾವಾಗ ಬಂದೀತು ಎಂದು ತಿಳಿಯದೆ? ಮೀಟಿಂಗಿನಲ್ಲಿ ಅವನು ಎದ್ದು ನಿಲ್ಲುವ ಹೊತ್ತಿಗೆ ಸರಿಯಾಗಿ ಸಕ್ಕರೆ ನಿಲ್ದಾಣ ತಲುಪುತ್ತಿತ್ತು. ಅವನು ಆಪ್ ಅಳಿಸಿದರೆ ಹೆಂಡತಿ ಮತ್ತೆ ಹಾಕುತ್ತಿದ್ದಳು: "ಅಕ್ಕನಿಗೆ ಏನಾದ್ರೂ ಆದ್ರೆ ನೆಂಟರು ನಿಮ್ಮನ್ನ ಸುಮ್ನೆ ಬಿಡ್ತಾರಾ? ಎಲ್ಲರ ಮುಂದೆ ಹೇಳ್ದೋರು ನೀವೇ ಅಲ್ವಾ?"

ಈ ಆಟ ಹೀಗೇ ಸಾಗುತ್ತಿತ್ತೇನೋ. ಆದರೆ ಎಲ್ಲವೂ ಡಾಕ್ಟರಮ್ಮನ ಕಂಪ್ಯೂಟರಿಗೂ ಹೋಗುತ್ತಿತ್ತು. ಆಕೆ ಪರದೆಯನ್ನು ಅತ್ತಿಗೆಯ ಕಡೆ ತಿರುಗಿಸಿದಳು. ವಾರವೆಲ್ಲ ಬಯಲು, ಸೋಮವಾರ ಮಾತ್ರ ಗುಡ್ಡ.

"ಸೋಮವಾರ ಬೆಳಿಗ್ಗೆ ಏನ್ ಮಾಡ್ತೀರಮ್ಮಾ?"

"ಸೇಡು ತೀರಿಸ್ಕೊಳ್ತೀನಿ."

ವಿಷಯ ಪೂರ್ತಿ ಕೇಳಿ ಡಾಕ್ಟರಮ್ಮ ನಕ್ಕಳು, ನಕ್ಕು ಪರದೆಯ ಗುಡ್ಡದ ಮೇಲೆ ಬೆರಳಿಟ್ಟಳು. "ನೋಡಿ, ಬೆಂಕಿ ಹಚ್ತಿರೋದು ನಿಮ್ಮ ಮನೆಗೇ. ಹೀಗೇ ಗುಡ್ಡ ಏರಿಸ್ತಾ ಇದ್ರೆ ನಾಳೆ ನಿಜವಾದ ಗುಡ್ಡವೂ ಕಣ್ಣಿಗೆ ಕಾಣಲ್ಲ. ಅವನಿಗೆ ಮಾನ ಹೋಗುತ್ತೆ, ನಿಮಗೆ ಕಣ್ಣು ಹೋಗುತ್ತೆ. ಯಾವುದು ದುಬಾರಿ?"

ಅತ್ತಿಗೆ ಮನೆಗೆ ಬಂದು ಜಾಮಿನ ಬಾಟಲಿಯ ಮುಚ್ಚಳ ಬಿಗಿದಳು. ಆದರೆ ಕಿಟಕಿಯ ಆಚೆ ಆಕೆಯ ದನಿ ಮಾತ್ರ ಮುಚ್ಚಿಕೊಳ್ಳಲಿಲ್ಲ. ಅಷ್ಟರಲ್ಲಿ ಓರಗಿತ್ತಿ ಸುದ್ದಿ ತಂದಳು: ದೊಡ್ಡ ಸಾಹೇಬರೇ ಹೊಸ ವ್ಯವಸ್ಥೆ ನೋಡಲು ನಿಲ್ದಾಣಕ್ಕೆ ಬರುತ್ತಾರಂತೆ, ಮೈದುನ ಮೈಕಿನ ಮುಂದೆ ನಿಂತು ವಿವರಿಸುತ್ತಾನಂತೆ.

"ಮೈಕಿನ ಮುಂದೆ?" ಎಂದಳು ಅತ್ತಿಗೆ. "ಇದೊಂದೇ ಸಲ ಕಣೇ. ಇದಾದ್ಮೇಲೆ ಆ ಬಾಟ್ಲಿ ಮುಟ್ಟಿದ್ರೆ ಕೇಳು."

ಆ ಬೆಳಿಗ್ಗೆ ಆಕೆ ಬ್ರೆಡ್ಡಿನ ಗೊಡವೆಗೆ ಹೋಗದೆ ಚಮಚದಲ್ಲೇ ಜಾಮು ತಿಂದು ಕಿಟಕಿಯ ಬಳಿ ಕುರ್ಚಿ ಎಳೆದುಕೊಂಡಳು. ಎದುರುಗಡೆ ಗಾಜಿನ ಗೂಡಿನಲ್ಲಿ ಮೈದುನ ಮೈಕಿಗೆ ಬಾಗಿ ನಿಂತಿದ್ದ. "ಇನ್ನು ಮನುಷ್ಯರ ಹಂಗಿಲ್ಲ ಸರ್. ಈ ವ್ಯವಸ್ಥೆ ಯಾವತ್ತೂ ತಪ್ಪು ಮಾತಾಡಲ್ಲ" ಎಂಬ ಅವನ ಮಾತು ಎಲ್ಲ ಸ್ಪೀಕರುಗಳಿಂದಲೂ ಬಂತು. ಅದರ ಬೆನ್ನಿಗೇ, ಅವನ ಅಂಗಿಯ ಜೇಬಿನಿಂದ ಮೈಕಿಗೆ ಹಾರಿ, ಅತ್ತಿಗೆಯ ದನಿ ನಿಲ್ದಾಣವನ್ನೆಲ್ಲ ತುಂಬಿತು:

"ದಯವಿಟ್ಟು ಗಮನಿಸಿ. ಅತ್ತಿಗೆಯ ಸಕ್ಕರೆ ಏರುತ್ತಿದೆ. ಮೈದುನ ಎಲ್ಲಿದ್ದರೂ ಕೂಡಲೇ ಮನೆಗೆ ಹೊರಡತಕ್ಕದ್ದು."

"ಇದ್ಯಾವ ಬಸ್ಸು ರೀ?" ಎಂದು ದೊಡ್ಡ ಸಾಹೇಬರು ಕೇಳಿದ್ದೂ ಮೈಕಿನಲ್ಲೇ ಬಂತು.

ಫೋನು ಮತ್ತೊಮ್ಮೆ ಹೇಳಿತು. ಮೈದುನ ಎದೆ ಎದೆ ಬಡಿದುಕೊಂಡು ಜೇಬು ಹುಡುಕುತ್ತಿದ್ದ. ಕಂಡಕ್ಟರೊಬ್ಬ ಸೀಟಿ ಊದಿ ಕೂಗಿದ: "ಅತ್ತಿಗೆ ವಾಪಸ್ ಬಂದ್ರು ಕಣ್ರೋ! ನಡೀರಿ ಸಾರ್, ಮನೆಗೆ ಹೊರಡಿ! ರೈಟ್, ರೈಟ್!" ಊರಿನ ಮೈದುನರೆಲ್ಲ ಬಿದ್ದು ಬಿದ್ದು ನಕ್ಕರು. ಕಿಟಕಿಯ ಬಳಿ ಅತ್ತಿಗೆ ನಗಲಿಲ್ಲ. ತನ್ನ ದನಿ ತಾನು ಹೇಳಿದ್ದನ್ನೇ ಹೇಳುವುದನ್ನು ಬಹಳ ಕಾಲದ ಮೇಲೆ ಕೇಳುತ್ತಿದ್ದಳು.

ಮೈದುನ ನಿಜಕ್ಕೂ ಕೂಡಲೇ ಮನೆಗೆ ಹೊರಟು ಬಂದ. ಮುಖ ಬೇಯಿಸಿದ ಬೀಟ್‌ರೂಟು.

"ಅತ್ತಿಗೆ, ನಿಮ್ಗೆ ಏನ್ ಬೇಕು ಹೇಳಿ. ಕುರ್ಚಿ ವಾಪಸ್ ಹಾಕಿಸ್ಲಾ?"

"ಬೇಡಪ್ಪ. ನಾನು ಹೊಂದಿಕೆ ಆಗಲ್ಲ. ನನ್ ದನಿ ತೆಗೆದುಬಿಡು. ಒಂದಕ್ಷರ ಉಳೀಬಾರ್ದು. ನಿಮ್ಮಣ್ಣನ ಬಸ್ಸಿನ ನಂಬರು ಮೊದ್ಲು."

"ಹಂಗಾದ್ರೆ ಬಸ್ ಯಾರು ಕೂಗೋದು?"

"ನಿಂಗೂ ಬಾಯಿದೆಯಲ್ಲ."

ಮಾರನೆಯ ದಿನ ನಿಲ್ದಾಣದಲ್ಲಿ ಮೈದುನನ ದನಿ ಕೇಳಿಸಿತು. ನೆಗಡಿಯಾದ ಹಾರ್ನಿನಂಥ ದನಿ. ಮಾಡಿದ್ದುಣ್ಣಲಿ ಎಂದು ದೊಡ್ಡ ಸಾಹೇಬರೇ ಅದನ್ನು ಮಂಜೂರು ಮಾಡಿದರಂತೆ. ಅತ್ತಿಗೆ ಕಿಟಕಿ ಪೂರ್ತಿ ತೆರೆದಿಟ್ಟು, ಸಕ್ಕರೆ ಹಾಕದ ಚಹಾ ಕುಡಿಯುತ್ತ ಕೇಳಿದಳು. ಆ ತಿಂಗಳು ಡಾಕ್ಟರಮ್ಮನ ಪರದೆಯ ಮೇಲೆ ಸೋಮವಾರವೂ ಬಯಲೇ.

ಹಿಂಬಾಲಕನ ಪಟ್ಟದಿಂದ ಬಿಡುಗಡೆ ಮಾಡಿ ಎಂದು ಮೈದುನ ಒಮ್ಮೆ ಮೆತ್ತಗೆ ಕೇಳಿದ. "ಅಯ್ಯೋ, ನೆಂಟರ ಮುಂದೆ ಮಾತು ಕೊಟ್ಟಿದೀಯ, ಇರ್ಲಿ ಬಿಡು" ಎಂದಳು ಅತ್ತಿಗೆ.

ಜಾಮು ಆಕೆ ಮತ್ತೆ ಮುಟ್ಟಲಿಲ್ಲ. ಉಳಿದ ಜಾಮಿನ ಸಮೇತ ಬಾಟಲಿಯನ್ನು ಮಾತ್ರ ಹೊಳೆಯುವಂತೆ ಒರೆಸಿ, ಮೆಟ್ಟಿಲ ಕಡೆಯ ಕಿಟಕಿಯಲ್ಲಿ, ಕೆಲಸಕ್ಕೆ ಹೊರಡುವವನ ಕಣ್ಣಿಗೆ ನೇರ ಬೀಳುವಂತೆ ಇಟ್ಟಿದ್ದಾಳೆ. ಪಕ್ಕದಲ್ಲೊಂದು ಚಮಚ. ಮೈದುನ ದಿನಾ ಬೆಳಿಗ್ಗೆ ಇಳಿದು ಬರುವಾಗ ಮುಚ್ಚಳ ಬಿಗಿಯಾಗಿದೆಯೇ ಎಂದು ನೋಡಿಕೊಂಡು, "ಬರ್ತೀನಿ ಅತ್ತಿಗೆ" ಎಂದು ಬಾಟಲಿಗೇ ಹೇಳಿ ಹೋಗುತ್ತಾನೆ.